ಉಸಿರಿನ ಕೀಲಿ

ಮದ್ಯಪಾನದ ದುಷ್ಪರಿಣಾಮಗಳನ್ನು ಕುರಿತು ಪ್ರಬಂಧ ಬರೆಯದ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಒಬ್ಬನೂ ಇರಲಾರ. ಹೈಸ್ಕೂಲಿನ ಪರೀಕ್ಷೆಯಿಂದ ಹಿಡಿದು ಗಾಂಧೀ ಜಯಂತಿಯ ಸ್ಪರ್ಧೆಯವರೆಗೆ ಎಲ್ಲರೂ ಅದನ್ನು ಬರೆದಿದ್ದೇವೆ. "ಆದುದರಿಂದ ಎಲ್ಲರೂ ಕುಡಿತವನ್ನು ತ್ಯಜಿಸಬೇಕು" ಎಂದು ಮುಗಿಸಿ ಬಹುಮಾನವನ್ನೂ ಪಡೆದಿದ್ದೇವೆ. ಕುಡಿಯುವವರು ಮಾತ್ರ ನಮ್ಮ ಪ್ರಬಂಧಗಳನ್ನು ಓದಿದಂತೆ ಕಾಣುವುದಿಲ್ಲ. ಆದ್ದರಿಂದ ಕುಡಿತವು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ನಾನಿಲ್ಲಿ ಎತ್ತಿಕೊಂಡಿಲ್ಲ. ನಾನು ವಿವರಿಸಬೇಕೆಂದಿರುವುದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಒಂದು ಯಂತ್ರವನ್ನು, ಮತ್ತು ಆ ಯಂತ್ರದ ಹುಟ್ಟಿಗೆ ಕಾರಣವಾದ ಒಂದು ಪ್ರಶ್ನೆಯನ್ನು. ಕುಡಿದು ವಾಹನ ನಡೆಸಿ ಸಿಕ್ಕಿಬಿದ್ದು, ಕೋರ್ಟಿನಲ್ಲಿ ಶಿಕ್ಷೆಯೂ ಆದ ಮನುಷ್ಯನು ಮರುದಿನ ಅದೇ ವಾಹನದ ಕೀಲಿಕೈಯನ್ನು ಕೈಗೆತ್ತಿಕೊಂಡರೆ ತಡೆಯುವವರು ಯಾರು?

ಮೊದಲು ಕಾಯಿದೆ ಏನು ಹೇಳುತ್ತದೆ ನೋಡೋಣ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೮೫ನೆಯ ಕಲಮಿನ ಪ್ರಕಾರ, ೧೦೦ ಮಿಲಿಲೀಟರು ರಕ್ತದಲ್ಲಿ ೩೦ ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿರುವಾಗ ವಾಹನ ನಡೆಸುವುದು ಗುನ್ಹೆ. ನಡೆಸಲು ಯತ್ನಿಸುವುದೂ ಗುನ್ಹೆ. ಹತ್ತು ಸಾವಿರ ಪಾಲು ರಕ್ತದಲ್ಲಿ ಮೂರು ಪಾಲು ಮದ್ಯಸಾರವೆಂದರೆ ಹೆಚ್ಚೇನೂ ಅಲ್ಲ ಎಂದು ತೋರಬಹುದು. ಆದರೆ ಇಂಗ್ಲೆಂಡಿನಲ್ಲಿ ಈ ಮಿತಿ ೮೦, ಯುರೋಪಿನ ಬಹುತೇಕ ದೇಶಗಳಲ್ಲಿ ೫೦, ಸ್ವೀಡನ್ನಿನಲ್ಲಿ ೨೦ ಇದೆ. ಕಾಗದದ ಮೇಲೆ ನಮ್ಮ ಕಾಯಿದೆ ಸಡಿಲವೇನಲ್ಲ. ೨೦೧೯ರ ತಿದ್ದುಪಡಿಯಾದ ಮೇಲೆ ಮೊದಲನೆಯ ಸಲದ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ ೧೦,೦೦೦ ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ೧೫,೦೦೦ ರೂಪಾಯಿ ದಂಡ ಅಥವಾ ಎರಡೂ. ಇದಲ್ಲದೆ ೨೦ನೆಯ ಕಲಮು, ಇಂಥ ಅಪರಾಧಿಯನ್ನು ಕನಿಷ್ಠ ಆರು ತಿಂಗಳ ಕಾಲ ವಾಹನ ನಡೆಸಲು ಅನರ್ಹನೆಂದು ಕೋರ್ಟು ಘೋಷಿಸಬೇಕೆಂದು ಹೇಳುತ್ತದೆ.

ಇಷ್ಟೊಂದು ಅಳತೆಯ ಕಾಯಿದೆ ಏಕೆ ಬೇಕಾಯಿತೆಂಬುದಕ್ಕೆ ಒಂದು ಹಿನ್ನೆಲೆಯಿದೆ. ಮೊದಲು ಪೋಲೀಸರೂ ವೈದ್ಯರೂ ಮೂಗನ್ನೇ ನಂಬುತ್ತಿದ್ದರು: ಬಾಯಿ ವಾಸನೆ ಬರುತ್ತಿತ್ತು, ನಡಿಗೆ ತೂರಾಡುತ್ತಿತ್ತು, ಮಾತು ತೊದಲುತ್ತಿತ್ತು ಎಂದು ಬರೆದುಕೊಡುತ್ತಿದ್ದರು. ಮಹಾರಾಷ್ಟ್ರದಿಂದ ಬಂದ ಒಂದು ಮೊಕದ್ದಮೆಯಲ್ಲಿ ೧೯೭೧ರಲ್ಲಿ ಸುಪ್ರೀಂ ಕೋರ್ಟು, ರಕ್ತಪರೀಕ್ಷೆ ಇಲ್ಲದೆ ಇಂಥ ಲಕ್ಷಣಗಳಷ್ಟರಿಂದಲೇ ಒಬ್ಬನು ಕುಡಿದಿದ್ದನೆಂದು ನಿರ್ಧರಿಸಲಾಗದು ಎಂದಿತು. ಮೂಗು ಸಾಕ್ಷಿಯಾಗಲಾರದು, ಅಂಕಿಯೇ ಬೇಕು ಎಂಬುದು ಆಗಲೇ ಸ್ಪಷ್ಟವಾಗಿತ್ತು.

ಇನ್ನು ಕಾಯಿದೆಯ ದುರ್ಬಲತೆ ಎಲ್ಲಿದೆ? ದಂಡವು ನಿನ್ನೆಯ ಓಡಾಟಕ್ಕೆ ಬೀಳುವ ಶಿಕ್ಷೆ. ಸೆರೆವಾಸವೂ ಅಷ್ಟೆ. ನಾಳೆಯ ಓಡಾಟವನ್ನು ನೋಡಿಕೊಳ್ಳುವುದು ಲೈಸೆನ್ಸನ್ನು ಕಸಿದುಕೊಳ್ಳುವ ಆಜ್ಞೆಯೊಂದೇ. ಆದರೆ ಲೈಸೆನ್ಸು ಒಂದು ಕಾಗದ, ಈಗ ಒಂದು ಪ್ಲಾಸ್ಟಿಕ್ ಚೀಟಿ. ಅದಿಲ್ಲದಿದ್ದರೂ ಎಂಜಿನ್ನು ಚಾಲೂ ಆಗುತ್ತದೆ. ತಿಕೋಟಾದಿಂದ ಅಥಣಿ ರಸ್ತೆ ಹಿಡಿದು ವಿಜಯಪುರಕ್ಕೆ, ಬಬಲೇಶ್ವರದಿಂದ ಜಮಖಂಡಿ ರಸ್ತೆ ಹಿಡಿದು ವಿಜಯಪುರಕ್ಕೆ ದಿನವೂ ಬಂದು ಹೋಗುವ ನಮ್ಮಂಥವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರಿನಲ್ಲಿ ಲೈಸೆನ್ಸು ತೋರಿಸೆಂದು ಎಷ್ಟು ಸಲ ಯಾರು ಕೇಳಿದ್ದಾರೆ?

ನಮ್ಮ ಓಣಿಯಲ್ಲಿ ಟಂಟಂ ಓಡಿಸುವವರೊಬ್ಬರಿದ್ದಾರೆ. ಒಮ್ಮೆ ರಾತ್ರಿ ಸಿಕ್ಕಿಬಿದ್ದು ದಂಡ ಕಟ್ಟಿದರು. ಲೈಸೆನ್ಸೂ ಆರು ತಿಂಗಳು ಹೋಯಿತು. ಅವರನ್ನು ನಾವೆಲ್ಲ ಕಾಕಾ ಎಂದೇ ಕರೆಯುವುದು. ಎರಡು ವಾರ ಟಂಟಂ ಮನೆಯ ಮುಂದೆ ತಾಡಪಾಲು ಹೊದ್ದು ನಿಂತಿತ್ತು. ಮೂರನೆಯ ವಾರ ತಾಡಪಾಲು ಹೋಯಿತು. "ಕಾಕಾ, ಮತ್ತ ಹಿಡದ್ರ ಏನ್ ಮಾಡ್ತೀರಿ?" ಎಂದು ಕೇಳಿದೆ. "ಲೈಸೆನ್ಸ್ ಕಸಗೊಂಡ್ರು ತಮ್ಮಾ, ಹೊಟ್ಟಿ ಕಸಗೊಂಡಿಲ್ಲಲ್ಲ. ಗಾಡಿ ನಿಂತ್ರ ಬ್ಯಾಂಕಿನ ಕಂತು ನಿಂದರತೈತೇನು?" ಎಂದರು. ಅವರ ಮಗಳು ಆ ವರ್ಷ ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಳು. ಕಾಯಿದೆಯ ದೃಷ್ಟಿಯಿಂದ ಅವರು ಮಾಡಿದ್ದು ಇನ್ನೊಂದು ಗುನ್ಹೆ; ಅನರ್ಹನಾಗಿದ್ದೂ ವಾಹನ ನಡೆಸಿದರೆ ೧೮೨ನೆಯ ಕಲಮಿನಲ್ಲಿ ಬೇರೆ ಶಿಕ್ಷೆಯಿದೆ. ಆದರೆ ಅವರಿಗೆ ಉತ್ತರ ಕೊಡಲು ನನಗೆ ಆಗಲಿಲ್ಲ. ವಾಹನವನ್ನು ಬಿಡು ಎಂದರೆ ಅನ್ನ ಬಿಡು ಎಂದಂತೆ. ವಾಹನ ನಡೆಸು ಎಂದರೆ ಒಳಗೆ ಕುಳಿತ ಹತ್ತು ಮಂದಿಯ ಜೀವವನ್ನು ದೇವರ ಮೇಲೆ ಹಾಕಿದಂತೆ. ಇವೆರಡರ ನಡುವೆ ಮೂರನೆಯ ದಾರಿ ಯಾವುದಾದರೂ ಇದೆಯೆ?

ಇದೆ. ಹೊರದೇಶಗಳಲ್ಲಿ ಅದಕ್ಕೆ ಇಗ್ನಿಷನ್ ಇಂಟರ್‌ಲಾಕ್ ಎನ್ನುತ್ತಾರೆ. ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುವುದರಿಂದ ಇದನ್ನು ಉಸಿರಿನ ಕೀಲಿ ಎಂದು ಕರೆಯೋಣ. ಚಾಲಕನ ಮುಂದೆ, ಡ್ಯಾಶ್‌ಬೋರ್ಡಿನ ಬಳಿ, ಒಂದು ಕೈಪೆಟ್ಟಿಗೆ. ಅದಕ್ಕೊಂದು ಊದುವ ಕೊಳವೆ. ಪೆಟ್ಟಿಗೆಯಿಂದ ಒಂದು ತಂತಿ ಎಂಜಿನ್ನನ್ನು ಚಾಲೂ ಮಾಡುವ ಸ್ಟಾರ್ಟರಿನ ವಿದ್ಯುತ್ ಮಾರ್ಗಕ್ಕೆ ಹೋಗಿರುತ್ತದೆ. ಚಾಲಕನು ಕೆಲವು ಕ್ಷಣ ಒಂದೇ ಸಮನೆ ಊದಬೇಕು. ಉಸಿರು ಶುದ್ಧವಾಗಿದ್ದರೆ ಮಾರ್ಗ ಕೂಡಿಕೊಳ್ಳುತ್ತದೆ, ಕೀಲಿಕೈ ತಿರುವಿದರೆ ಎಂಜಿನ್ನು ಹತ್ತುತ್ತದೆ. ಇಲ್ಲದಿದ್ದರೆ ಕೀಲಿಕೈಯನ್ನು ಎಷ್ಟು ತಿರುವಿದರೂ ಪ್ರಯೋಜನವಿಲ್ಲ. ಬಯ್ಯುವುದಿಲ್ಲ, ಲಂಚ ಕೇಳುವುದಿಲ್ಲ, ಯಾರ ಕಡೆಯವನೆಂದು ವಿಚಾರಿಸುವುದೂ ಇಲ್ಲ.

ಉಸಿರಿಗೂ ರಕ್ತಕ್ಕೂ ಏನು ಸಂಬಂಧವೆಂದು ಕಲಾ ವಿಭಾಗದ ನನ್ನ ಸಹಪಾಠಿಗಳು ಕೇಳಬಹುದು. ನಾನೂ ಕಲಾ ವಿಭಾಗದವನೇ. ವಿಜ್ಞಾನದ ಗೆಳೆಯರಿಂದ ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. ಮದ್ಯಸಾರವು ಅನ್ನದಂತೆ ಜೀರ್ಣವಾಗಬೇಕಾಗಿಲ್ಲ. ಜಠರದಿಂದಲೂ ಸಣ್ಣ ಕರುಳಿನಿಂದಲೂ ನೇರವಾಗಿ ರಕ್ತಕ್ಕೆ ಇಳಿಯುತ್ತದೆ. ರಕ್ತವು ಶ್ವಾಸಕೋಶದ ತೆಳು ಪೊರೆಗಳ ಬಳಿ ಹಾಯುವಾಗ ಅದರ ಸ್ವಲ್ಪ ಪಾಲು ಆವಿಯಾಗಿ ಉಸಿರಿಗೆ ಸೇರುತ್ತದೆ. ಎಷ್ಟು ಪಾಲು ಎಂಬುದಕ್ಕೆ ಒಂದು ಲೆಕ್ಕವಿದೆ: ಒಂದು ಮಿಲಿಲೀಟರು ರಕ್ತದಲ್ಲಿರುವಷ್ಟು ಮದ್ಯಸಾರ ಸುಮಾರು ೨,೧೦೦ ಮಿಲಿಲೀಟರು ಉಸಿರಿನಲ್ಲಿರುತ್ತದೆ ಎಂದು ಹಿಡಿಯುತ್ತಾರೆ. ಹೀಗೆ ನೋಡಿದರೆ ನಮ್ಮ ಕಾಯಿದೆಯ ೩೦ ಮಿಲಿಗ್ರಾಮಿನ ಮಿತಿ ಒಂದು ಲೀಟರು ಉಸಿರಿನಲ್ಲಿ ಮಿಲಿಗ್ರಾಮಿನ ಏಳನೆಯ ಒಂದು ಪಾಲಿಗೆ ಬಂದು ನಿಲ್ಲುತ್ತದೆ. ಅಷ್ಟು ಸಣ್ಣದನ್ನು ಹಿಡಿಯುವುದು ಪೆಟ್ಟಿಗೆಯೊಳಗಿನ ಫ್ಯುಯೆಲ್ ಸೆಲ್ ಎಂಬ ಭಾಗ. ಅದರಲ್ಲಿ ಪ್ಲಾಟಿನಂ ಲೇಪಿಸಿದ ಎರಡು ತೆಳು ಪಟ್ಟಿಗಳಿರುತ್ತವೆ. ಮದ್ಯಸಾರದ ಆವಿ ತಗಲಿದೊಡನೆ ಅದು ಅಲ್ಲಿ ಅಸಿಟಿಕ್ ಆಮ್ಲವಾಗಿ ಮಾರ್ಪಡುತ್ತದೆ, ಅಂದರೆ ಸೆರೆ ಹುಳಿತಾಗ ಆಗುವ ಅದೇ ಮಾರ್ಪಾಡು. ಆ ಕ್ರಿಯೆಯಲ್ಲಿ ಕೊಂಚ ವಿದ್ಯುತ್ತು ಹುಟ್ಟುತ್ತದೆ. ಮದ್ಯಸಾರ ಹೆಚ್ಚಿದ್ದಷ್ಟು ವಿದ್ಯುತ್ತೂ ಹೆಚ್ಚು. ವಿದ್ಯುತ್ತನ್ನು ಅಳೆದರೆ ಮದ್ಯಸಾರವನ್ನು ಅಳೆದಂತಾಯಿತು. ಸೀಸೆಯೊಳಗಿನ ವಸ್ತುವೇ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವ ಈ ಏರ್ಪಾಡು ನನಗಂತೂ ಬಹಳ ಹಿಡಿಸಿತು.

(ಪ್ರಸಂಗವಶಾತ್ ಒಂದು ಮಾತು. ಬಬಲೇಶ್ವರ ಕಡೆಯ ಕಬ್ಬು ಕಾರ್ಖಾನೆಗೆ ಹೋಗಿ ಸಕ್ಕರೆಯಾಗುತ್ತದೆ. ಉಳಿದ ಕಾಕಂಬಿಯಿಂದ ಮದ್ಯಸಾರ ತಯಾರಾಗುತ್ತದೆ. ಈಗ ನಾವು ಗಾಡಿಗೆ ಹಾಕಿಸುವ ಪೆಟ್ರೋಲಿನಲ್ಲಿಯೂ ನೂರಕ್ಕೆ ೨೦ ಪಾಲು ಅದೇ ಮದ್ಯಸಾರ. ಗಾಡಿ ಕುಡಿದರೆ ದೇಶಸೇವೆ, ಗಾಡಿಯವನು ಕುಡಿದರೆ ಗುನ್ಹೆ ಎಂದು ನಮ್ಮ ಗೆಳೆಯನೊಬ್ಬ ಹೇಳುತ್ತಾನೆ.)

ಈ ಯಂತ್ರದಿಂದ ಹೊರಬೀಳುವ ಇನ್ನೊಂದು ಸತ್ಯವನ್ನು ವಿಶೇಷವಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಅದು ಯಾರ ಲಕ್ಷ್ಯಕ್ಕೂ ಬಂದಿಲ್ಲ. ಕುಡಿದ ಚಾಲಕನೆಂದರೆ ರಾತ್ರಿಯ ಚಾಲಕನೆಂದೇ ನಾವು ತಿಳಿಯುತ್ತೇವೆ. ತಪಾಸಣೆಯೂ ರಾತ್ರಿಯೇ ನಡೆಯುತ್ತದೆ. ಆದರೆ ರಕ್ತದೊಳಗಿನ ಮದ್ಯಸಾರವನ್ನು ಕರಗಿಸುವುದು ಯಕೃತ್ತಿನ ಕೆಲಸ; ಅದು ಗಂಟೆಗೆ ಸುಮಾರು ೧೫ ಮಿಲಿಗ್ರಾಮಿನಂತೆ ತನ್ನ ಗತಿಯಲ್ಲಿಯೇ ನಡೆಯುತ್ತದೆ. ಮಜ್ಜಿಗೆ ಕುಡಿದರೂ, ಲಿಂಬೆ ಹಿಂಡಿದರೂ, ತಲೆಗೆ ತಣ್ಣೀರು ಸುರಿದರೂ ಅದರ ಅವಸರ ಹೆಚ್ಚುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಒಬ್ಬನ ರಕ್ತದಲ್ಲಿ ೧೮೦ ಮಿಲಿಗ್ರಾಮಿತ್ತೆನ್ನಿ. ಬೆಳಿಗ್ಗೆ ಏಳಕ್ಕೆ ಎಂಟು ಗಂಟೆಯಲ್ಲಿ ೧೨೦ ಕಳೆದು ೬೦ ಉಳಿಯುತ್ತದೆ. ಅವನು ನಿದ್ದೆ ಮಾಡಿ, ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಶಾಲೆಯ ಮಕ್ಕಳನ್ನು ಕರೆದೊಯ್ಯಲು ಹೊರಟಿರುತ್ತಾನೆ. ಕಾಯಿದೆಯ ಲೆಕ್ಕದಲ್ಲಿ ಮಿತಿಯ ಎರಡು ಪಟ್ಟು ಕುಡಿದಿರುತ್ತಾನೆ. ತಾನು ಕುಡಿದಿಲ್ಲವೆಂದು ಅವನು ಪ್ರಮಾಣ ಮಾಡಿ ಹೇಳಿಯಾನು. ಅದು ಸುಳ್ಳೂ ಆಗಿರಲಿಕ್ಕಿಲ್ಲ. ಉಸಿರಿನ ಕೀಲಿ ಹಾಕಿದ ದೇಶಗಳಲ್ಲಿ ಯಂತ್ರವು ವಾಹನವನ್ನು ತಡೆದ ವೇಳೆಗಳನ್ನು ನೋಡಿದಾಗ ಮುಂಜಾನೆಯ ಹೊತ್ತಿನವು ಬಹಳವಾಗಿದ್ದುದು ಕಂಡುಬಂದಿದೆ.

ಮೋಸ ಮಾಡಲು ಬಾರದೆ? ಮನುಷ್ಯನು ಮಾಡಿದ ಯಂತ್ರಕ್ಕೆ ಮನುಷ್ಯನೇ ಮೋಸ ಮಾಡಬಲ್ಲನು. ಕುಡಿಯದ ಗೆಳೆಯನಿಂದ ಊದಿಸುವುದು ಮೊದಲನೆಯ ಉಪಾಯ. ಅದಕ್ಕಾಗಿ ಈಗಿನ ಅನೇಕ ಯಂತ್ರಗಳಲ್ಲಿ ಊದುವವನ ಚಿತ್ರ ತೆಗೆಯುವ ಕ್ಯಾಮರಾ ಇರುತ್ತದೆ. ಪುಗ್ಗೆಯಲ್ಲಿ ಗಾಳಿ ತುಂಬಿಟ್ಟುಕೊಂಡು ಬಿಡುವುದು ಎರಡನೆಯದು. ಅದಕ್ಕಾಗಿ ಊದುತ್ತಲೇ ಗುಂಯ್‌ಗುಡಬೇಕು, ಇಲ್ಲವೆ ಊದಿ ಮತ್ತೆ ಒಳಗೆಳೆದುಕೊಳ್ಳಬೇಕು ಎಂಬ ನಿಯಮವಿದೆ. ಪುಗ್ಗೆಗೆ ಅದು ಸಾಧ್ಯವಿಲ್ಲ. ಶುದ್ಧವಾಗಿ ಊದಿ ಹೊರಟು ದಾರಿಯಲ್ಲಿ ಧಾಬಾದ ಮುಂದೆ ಎಂಜಿನ್ನು ಬಂದು ಮಾಡದೆಯೇ ಇಳಿದು ಕುಡಿಯುವುದು ಮೂರನೆಯದು. ಅದಕ್ಕೆ ಯಂತ್ರವು ಹೊರಟ ಕೆಲವು ನಿಮಿಷಕ್ಕೊಮ್ಮೆ, ಆಮೇಲೆ ಗೊತ್ತುಗುರಿಯಿಲ್ಲದ ವೇಳೆಗಳಲ್ಲಿ, ಮತ್ತೆ ಊದೆನ್ನುತ್ತದೆ. ಊದದಿದ್ದರೆ ಓಡುವ ಎಂಜಿನ್ನನ್ನು ಅದು ನಿಲ್ಲಿಸುವುದಿಲ್ಲ. ನಡುರಸ್ತೆಯಲ್ಲಿ ವಾಹನ ನಿಂತರೆ ಕುಡಿತಕ್ಕಿಂತ ದೊಡ್ಡ ಅನಾಹುತವಾದೀತು. ಹಾರ್ನು ಕೂಗಹತ್ತುತ್ತದೆ, ದೀಪಗಳು ಮಿನುಗುತ್ತವೆ, ಎಲ್ಲವೂ ಯಂತ್ರದ ನೆನಪಿನಲ್ಲಿ ದಾಖಲಾಗುತ್ತದೆ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಯಂತ್ರವನ್ನು ಕೇಂದ್ರಕ್ಕೆ ಒಯ್ದು ಸರಿಯಾಗಿ ಅಳೆಯುತ್ತಿದೆಯೆ ಎಂದು ಪರೀಕ್ಷಿಸುವಾಗ ಆ ದಾಖಲೆಯನ್ನು ಅಧಿಕಾರಿಗಳು ಓದುತ್ತಾರೆ. ತಂತಿ ಕಿತ್ತರೆ ಅದೂ ದಾಖಲಾಗಿರುತ್ತದೆ.

ಲಾರಿ ಬಸ್ಸುಗಳ ವೇಗ ನಿಯಂತ್ರಕಕ್ಕೂ ಇದಕ್ಕೂ ಇರುವ ಅಂತರ ಇದೇ. ಗಂಟೆಗೆ ೮೦ ಕಿಲೋಮೀಟರಿನ ಮಿತಿಯ ಆ ಸಾಧನವನ್ನು ಸರಕಾರ ೨೦೧೫ರಲ್ಲಿ ಬಹಳಷ್ಟು ಸಾರಿಗೆ ವಾಹನಗಳಿಗೆ ಕಡ್ಡಾಯ ಮಾಡಿತು. ವಾಹನದಲ್ಲಿ ಒಂದು ಯಂತ್ರವಿರಲೇಬೇಕೆಂದು ಆಜ್ಞೆ ಮಾಡುವುದು ನಮ್ಮ ದೇಶಕ್ಕೆ ಹೊಸದಲ್ಲ ಎಂಬುದಕ್ಕೆ ಅದು ಒಳ್ಳೆಯ ಉದಾಹರಣೆ. ಬರಿಯ ಯಂತ್ರ ಸಾಲದು ಎಂಬುದಕ್ಕೂ ಅದೇ ಉದಾಹರಣೆ. ಅದರ ತಂತಿ ಬಿಚ್ಚಿದರೆ ಅದು ಸುಮ್ಮನಿರುತ್ತದೆ, ಯಾರಿಗೂ ಹೇಳುವುದಿಲ್ಲ.

ಇನ್ನು ಈ ಯಂತ್ರದ ಚರಿತ್ರೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಉಸಿರಿನಿಂದ ಮದ್ಯಸಾರವನ್ನು ಅಳೆಯುವ ಬ್ರೆತಲೈಜರ್ ಎಂಬ ಉಪಕರಣವನ್ನು ೧೯೫೪ರಲ್ಲಿ ಅಮೆರಿಕೆಯ ಇಂಡಿಯಾನಾ ರಾಜ್ಯದ ಪೋಲೀಸ್ ಇಲಾಖೆಯ ರಾಬರ್ಟ್ ಬೋರ್ಕೆನ್‌ಸ್ಟೈನ್ ಎಂಬವರು ನಿರ್ಮಿಸಿದರು. ಅದನ್ನು ವಾಹನದ ಸ್ಟಾರ್ಟರಿಗೆ ಜೋಡಿಸುವ ವಿಚಾರ ೧೯೬೯ರ ಸುಮಾರಿಗೆ ಬಂತು. ೧೯೮೬ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಶಿಕ್ಷೆಗೊಳಗಾದ ಚಾಲಕರ ಮೇಲೆ ಇದನ್ನು ಪ್ರಯೋಗಿಸಲು ಕಾಯಿದೆ ಮಾಡಿತು. ೨೦೦೫ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯ, ಮೊದಲ ಸಲ ಸಿಕ್ಕವನಿಗೂ ಕಡ್ಡಾಯ ಎಂದಿತು. ಈಗ ಅಲ್ಲಿಯ ಐವತ್ತು ರಾಜ್ಯಗಳಲ್ಲಿಯೂ ಒಂದಲ್ಲ ಒಂದು ಬಗೆಯ ಉಸಿರು-ಕೀಲಿ ಕಾಯಿದೆಯಿದೆ. ಸ್ವೀಡನ್ನಿನಲ್ಲಿ ೧೯೯೯ರಲ್ಲಿ ಆರಂಭವಾಯಿತು. ಫ್ರಾನ್ಸು ೨೦೧೦ರಲ್ಲಿ ಮಕ್ಕಳನ್ನು ಒಯ್ಯುವ ಹೊಸ ಬಸ್ಸುಗಳಿಗೂ, ೨೦೧೫ರಲ್ಲಿ ಎಲ್ಲ ದೂರ ಸಂಚಾರದ ಬಸ್ಸುಗಳಿಗೂ ಕಡ್ಡಾಯ ಮಾಡಿತು. ಫಿನ್ಲೆಂಡು ೨೦೧೧ರಲ್ಲಿ ಶಾಲೆಯ ವಾಹನಗಳಿಗೆ ಹಾಕಿಸಿತು. ಇಲ್ಲಿ ಶಿಕ್ಷೆಯಾದವನು, ಆಗದವನು ಎಂಬ ಭೇದವಿಲ್ಲ. ೨೦೨೪ರ ಜುಲೈಯಿಂದ ಯುರೋಪಿನ ಒಕ್ಕೂಟದಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಬೇಕಾದಾಗ ಈ ಯಂತ್ರವನ್ನು ಜೋಡಿಸಲು ಅನುಕೂಲವಿರಲೇಬೇಕು.

ಪರಿಣಾಮವೇನಾಯಿತು? ಹದಿನೈದು ಅಧ್ಯಯನಗಳನ್ನು ಕೂಡಿಸಿ ನೋಡಿ ೨೦೧೧ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಯಂತ್ರ ವಾಹನದಲ್ಲಿ ಇದ್ದಷ್ಟು ಕಾಲ ಮತ್ತೆ ಕುಡಿದು ಸಿಕ್ಕಿಬೀಳುವವರ ಸಂಖ್ಯೆ ನೂರಕ್ಕೆ ಸುಮಾರು ೬೭ರಷ್ಟು ಕಡಿಮೆಯಾಯಿತು. ಯಾವ ಉಪದೇಶಕ್ಕೂ ಯಾವ ದಂಡಕ್ಕೂ ಇಷ್ಟು ಫಲ ಸಿಕ್ಕಿರಲಾರದು. ಆದರೆ ಅದೇ ವಿಮರ್ಶೆ ಇನ್ನೊಂದನ್ನೂ ಹೇಳುತ್ತದೆ: ಯಂತ್ರವನ್ನು ತೆಗೆದ ಮೇಲೆ ಆ ಲಾಭ ಉಳಿಯುವುದಿಲ್ಲ. ಯಂತ್ರವು ಕೀಲಿಯೇ ಹೊರತು ಔಷಧವಲ್ಲ. ಇದಕ್ಕಾಗಿ ಕೆಲವು ರಾಜ್ಯಗಳು ಅವಧಿಯ ಕೊನೆಯ ಕೆಲವು ತಿಂಗಳು ಒಮ್ಮೆಯೂ ತಪ್ಪದೆ ಶುದ್ಧವಾಗಿ ಊದಿದವನಿಗೆ ಮಾತ್ರ ಯಂತ್ರ ತೆಗೆಯಲು ಅನುಮತಿ ಕೊಡುತ್ತವೆ. ಅಲ್ಲಿಯೂ ಇನ್ನೊಂದು ತೂತು ಇದ್ದೇ ಇದೆ: "ನನ್ನ ಹೆಸರಿನಲ್ಲಿ ವಾಹನವೇ ಇಲ್ಲ" ಎಂದು ಹೇಳಿ ಅನೇಕರು ನುಣುಚಿಕೊಳ್ಳುತ್ತಾರೆ.

ನಮ್ಮ ಜಿಲ್ಲೆಯ ಹಳಬರು ಇಂಥ ಪ್ರಯತ್ನಗಳನ್ನು ಬಹಳ ಕಂಡಿದ್ದಾರೆ. ೧೯೫೬ರವರೆಗೆ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ೧೯೪೯ರ ಮುಂಬಯಿ ಪಾನನಿರೋಧ ಕಾಯಿದೆ ನಮಗೂ ಅನ್ವಯಿಸಿತ್ತು. ಮುಂದೆ ಕರ್ನಾಟಕದಲ್ಲಿ ೨೦೦೭ರ ಜುಲೈ ೧ರಿಂದ ಸಾರಾಯಿ ನಿಷೇಧವಾಯಿತು. ೨೦೧೬ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ ೫೦೦ ಮೀಟರಿನೊಳಗೆ ಮದ್ಯದ ಅಂಗಡಿ ಕೂಡದೆಂದಿತು. ಮರುವರ್ಷ ಸಣ್ಣ ಊರುಗಳಿಗೆ ಅದನ್ನು ೨೨೦ ಮೀಟರಿಗೆ ಇಳಿಸಿತು, ನಗರ ವ್ಯಾಪ್ತಿಗೆ ವಿನಾಯಿತಿ ಕೊಟ್ಟಿತು. ಪಾನನಿರೋಧವು ಮನುಷ್ಯನಿಗೂ ಸೀಸೆಗೂ ನಡುವೆ ನಿಲ್ಲಬಯಸಿತು. ಹೆದ್ದಾರಿಯ ಆಜ್ಞೆ ಅಂಗಡಿಗೂ ರಸ್ತೆಗೂ ನಡುವೆ ನಿಂತಿತು. ಉಸಿರಿನ ಕೀಲಿಯ ಆಸೆ ಇವೆರಡಕ್ಕಿಂತ ಸಣ್ಣದು: ಸೀಸೆಗೂ ಸ್ಟೇರಿಂಗಿಗೂ ನಡುವೆ ನಿಲ್ಲುವುದು, ಅಷ್ಟೆ. ಸಣ್ಣ ಆಸೆಯಾದ್ದರಿಂದಲೇ ಅದು ಕೈಗೂಡೀತೆಂದು ನನಗೆ ತೋರುತ್ತದೆ.

ಆದರೆ ನಮ್ಮ ರಸ್ತೆಗಳು ಸ್ವೀಡನ್ನಿನ ರಸ್ತೆಗಳಲ್ಲ. ಮುಖ್ಯವಾದ ತೊಡಕು ಮೋಟಾರು ಸೈಕಲ್ಲಿನದು. ೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ೧,೬೮,೪೯೧ ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯಲ್ಲಿದೆ. ಅವರಲ್ಲಿ ನೂರಕ್ಕೆ ೪೪ ಮಂದಿ ದ್ವಿಚಕ್ರ ವಾಹನದವರು. ಮೋಟಾರು ಸೈಕಲ್ಲಿಗೆ ಈ ಯಂತ್ರವನ್ನು ಹೊಂದಿಸುವುದು ಕಷ್ಟ. ಧೂಳು, ಮಳೆ, ಬಿಸಿಲಿಗೆ ಅದು ತೆರೆದುಕೊಂಡಿರುತ್ತದೆ. ಕಾಲಿನಿಂದ ಒದ್ದು ಚಾಲೂ ಮಾಡಿದರೆ ಸ್ಟಾರ್ಟರಿನ ತಂತಿಯ ಹಂಗೇ ಇಲ್ಲ. ಓಡಿಸುತ್ತ ಓಡಿಸುತ್ತ ಮತ್ತೆ ಊದೆಂದರೆ ಅದೇ ಒಂದು ಅಪಘಾತಕ್ಕೆ ಕಾರಣವಾದೀತು. ಒಂದು ಮೋಟಾರು ಸೈಕಲ್ಲು ಏನು ಮಾಡಬಲ್ಲುದೆಂಬುದನ್ನು ನಾವು ೨೦೨೫ರ ಅಕ್ಟೋಬರ್ ೨೪ರ ಮುಂಜಾವಿನಲ್ಲಿ ಕಂಡೆವು. ಕರ್ನೂಲಿನ ಬಳಿ ಉರುಳಿ ಬಿದ್ದಿದ್ದ ಬೈಕಿನ ಮೇಲೆ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಬಸ್ಸು ಹಾಯ್ದು ಬೆಂಕಿ ಹತ್ತಿತು. ಬಸ್ಸಿನ ೧೯ ಮಂದಿ ಪ್ರಯಾಣಿಕರು ಸುಟ್ಟು ಸತ್ತರು. ಬೈಕಿನವನು ಕುಡಿದಿದ್ದನೆಂದು ಪ್ರಯೋಗಾಲಯದ ಪರೀಕ್ಷೆಯಿಂದ ಗೊತ್ತಾಯಿತೆಂದು ಪೋಲೀಸರು ತಿಳಿಸಿದರು. ಬಸ್ಸಿಗೆ ನೂರು ಕೀಲಿ ಹಾಕಿದ್ದರೂ ಆ ರಾತ್ರಿ ಪ್ರಯೋಜನವಿರಲಿಲ್ಲ.

ಟ್ರ್ಯಾಕ್ಟರಿನದು ಇನ್ನೊಂದು ಕತೆ. ಕಬ್ಬಿನ ಸುಗ್ಗಿಯಲ್ಲಿ ಬಬಲೇಶ್ವರ ರಸ್ತೆಯ ಮೇಲೆ ರಾತ್ರಿ ಬಂದವರಿಗೆ ಗೊತ್ತು: ಹಿಂದೆ ಎರಡೆರಡು ಟ್ರೇಲರು, ಕೆಂಪು ದೀಪದ ಸುಳಿವಿಲ್ಲ, ಒಳಗೆ ದೊಡ್ಡ ದನಿಯ ಹಾಡು. ಹಳೆಯ ಡೀಸೆಲ್ ಎಂಜಿನ್ನಿಗೆ ಚಾಲೂ ಆದ ಮೇಲೆ ವಿದ್ಯುತ್ತು ಬೇಕಾಗಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿ ಉರುಳಿಸಿಬಿಟ್ಟರೆ ಸ್ಟಾರ್ಟರನ್ನು ಮುಟ್ಟದೆಯೇ ಹತ್ತುತ್ತದೆ. ಆದುದರಿಂದ ಅಲ್ಲಿ ಕೀಲಿಯನ್ನು ಸ್ಟಾರ್ಟರಿಗಲ್ಲ, ಎಣ್ಣೆ ಹರಿಯುವ ದಾರಿಗೇ ಹಾಕಬೇಕಾದೀತು.

ಬೆಲೆಯೂ ಒಂದು ಪ್ರಶ್ನೆ. ಅಮೆರಿಕೆಯಲ್ಲಿ ಯಂತ್ರವನ್ನು ಬಾಡಿಗೆಗೆ ಕೊಡುತ್ತಾರೆ. ದಿನಕ್ಕೆ ಸುಮಾರು ಮೂರು ಡಾಲರು, ಅಂದರೆ ನಮ್ಮ ಹಣದಲ್ಲಿ ಇನ್ನೂರೈವತ್ತು ರೂಪಾಯಿಗೂ ಮೇಲೆ. ಡೀಸೆಲ್ಲು, ಕಂತು ಕಳೆದು ಟಂಟಂ ಕಾಕಾನ ಕೈಯಲ್ಲಿ ಉಳಿಯುವುದರಲ್ಲಿ ಇಷ್ಟನ್ನು ಕೊಡೆಂದರೆ ಅವರು ಯಂತ್ರವನ್ನೂ ನಮ್ಮನ್ನೂ ಒಟ್ಟಿಗೆ ಬಾವಿಗೆ ಹಾಕಿಯಾರು.

ಮಾನದ ಪ್ರಶ್ನೆಯನ್ನೂ ಕೆಲವರು ಎತ್ತುತ್ತಾರೆ. ಎಲ್ಲರೆದುರಿಗೆ ಕೊಳವೆ ಬಾಯಲ್ಲಿಟ್ಟು ಊದುವುದು ಅವಮಾನವಲ್ಲವೆ ಎಂದು ಒಬ್ಬ ಗೆಳೆಯ ಕೇಳಿದ. ನಾನು ಒಪ್ಪಲಾರೆ. ವಿಜಯಪುರದ ಸ್ಟೇಷನ್ನಿನಿಂದ ಹೊರಡುವ ರೈಲಿನ ಚಾಲಕರು ಪ್ರತಿ ಸಲ ಕೆಲಸಕ್ಕೆ ಹಾಜರಾಗುವಾಗಲೂ ಉಸಿರಿನ ಪರೀಕ್ಷೆ ಕೊಡುತ್ತಾರೆ. ವಿಮಾನದ ಪೈಲಟರೂ ಕೊಡುತ್ತಾರೆ. ಅವರಿಗೆ ಶಿಕ್ಷೆಯಾಗಿಲ್ಲ, ಅವರ ಮೇಲೆ ಸಂಶಯವೂ ಇಲ್ಲ. ಅವರ ಹಿಂದೆ ಕುಳಿತವರ ಸಂಖ್ಯೆ ದೊಡ್ಡದು, ಅಷ್ಟೆ. ಒಮ್ಮೆ ಕೋರ್ಟಿನಲ್ಲಿ ಅಪರಾಧ ಸಿದ್ಧವಾದವನಿಗೆ ಅವರಿಗಿಂತ ಹೆಚ್ಚಿನ ಮಾನವೇನೂ ಬೇಕಾಗಿಲ್ಲ.

ಭಾ‌ರತದಲ್ಲಿ ಈಗ ಕೋರ್ಟೊಂದು ಈ ಶಿಕ್ಷೆಯನ್ನು ಕೊಡಬೇಕೆಂದರೆ ಅದಕ್ಕೆ ಕಲಮೇ ಇಲ್ಲ. ದಂಡ ಹಾಕಬಹುದು, ಸೆರೆಗೆ ಕಳಿಸಬಹುದು, ಅನರ್ಹಗೊಳಿಸಬಹುದು. "ಈ ಯಂತ್ರವಿರುವ ವಾಹನವನ್ನು ಮಾತ್ರ ನಡೆಸು" ಎಂದು ಅಪ್ಪಣೆ ಮಾಡುವಂತಿಲ್ಲ. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ೨೦೧೯ರ ತಿದ್ದುಪಡಿಯಲ್ಲಿ, ಲೈಸೆನ್ಸು ಕಳೆದುಕೊಂಡವನು ಅವಧಿ ಮುಗಿದೊಡನೆ ಅದನ್ನು ಹಿಂದೆ ಪಡೆಯುವಂತಿಲ್ಲ, ಮರುತರಬೇತಿ ಮುಗಿಸಿದರೆ ಮಾತ್ರ ಪಡೆಯಬಹುದು ಎಂಬ ಷರತ್ತನ್ನು ೧೯ನೆಯ ಕಲಮಿಗೆ ಸೇರಿಸಿದ್ದಾರೆ. ತರಬೇತಿಯ ಷರತ್ತಿನ ಪಕ್ಕದಲ್ಲಿ ಯಂತ್ರದ ಷರತ್ತನ್ನೂ ಸೇರಿಸಲು ಪಾರ್ಲಿಮೆಂಟಿಗೆ ಒಂದು ವಾಕ್ಯ ಸಾಕು. ಲೈಸೆನ್ಸುಗಳೆಲ್ಲ ಈಗ ಸಾರಥಿ ಎಂಬ ಗಣಕ ದಾಖಲೆಯಲ್ಲಿರುವುದರಿಂದ ಸೋಲಾಪುರದ ಪೋಲೀಸನಾದರೂ ನೋಡಿದ ಕೂಡಲೆ ಷರತ್ತು ತಿಳಿಯುವಂತೆ ಮಾಡಬಹುದು. ಆರು ತಿಂಗಳು ಲೈಸೆನ್ಸಿಲ್ಲದೆ ಕದ್ದು ಓಡಿಸುವುದಕ್ಕಿಂತ ಒಂದು ತಿಂಗಳ ತರುವಾಯ ಕೀಲಿಯೊಡನೆ ರಾಜಾರೋಷವಾಗಿ ಓಡಿಸುವುದನ್ನು ಓಣಿಯ ಕಾಕಾ ಆರಿಸಿಕೊಂಡಾರೆಂದು ನನಗೆ ಧೈರ್ಯವಿದೆ. ಬಲವಂತಕ್ಕಿಂತ ಲಾಭ ತೋರಿಸಿದರೆ ಜನ ಬೇಗ ಒಪ್ಪುತ್ತಾರೆ.

ಆರಂಭ ಎಲ್ಲಿಂದ? ಮೋಟಾರು ಸೈಕಲ್ಲಿಗೆ ಸರಿಹೊಂದುವ ಯಂತ್ರ ಬರುವವರೆಗೆ ಕಾಯುತ್ತ ಕೂಡ್ರುವುದು ಬೇಡ. ಜನರನ್ನು ಒಯ್ಯುವ ವಾಹನಗಳನ್ನು ಮೊದಲು ಹಿಡಿಯಬಹುದು: ಶಿಕ್ಷೆಯಾದ ಟಂಟಂ, ಕ್ರೂಸರ್ ಚಾಲಕರು, ಶಿಕ್ಷೆಯಾಗಲಿ ಆಗದಿರಲಿ, ಶಾಲೆಯ ವಾಹನಗಳೆಲ್ಲ. ಖರ್ಚಿನ ಪ್ರಶ್ನೆಗೆ ನನಗೆ ತೋಚುವ ಉತ್ತರ ಸರಳ. ೧೦,೦೦೦ ರೂಪಾಯಿ ದಂಡವನ್ನು ಖಜಾನೆಗೆ ಕಟ್ಟಿಸಿಕೊಳ್ಳುವ ಬದಲು ಅದರಲ್ಲಿಯ ಬಹುಪಾಲನ್ನು ಅದೇ ಮನುಷ್ಯನ ಯಂತ್ರದ ಬಾಡಿಗೆಗೆ ತುಂಬಿಕೊಳ್ಳಲಿ. ಯಂತ್ರವನ್ನು ನಮ್ಮ ದೇಶದಲ್ಲಿಯೇ ಸಾವಿರಗಟ್ಟಲೆ ಮಾಡಿದರೆ ಬೆಲೆಯೂ ಇಳಿದೀತು. ಪರೀಕ್ಷಾ ಕೇಂದ್ರ ಮಾತ್ರ ವಿಜಯಪುರದಲ್ಲಿ ಒಂದೇ ಇದ್ದರೆ ನಡೆಯದು. ಗಲಗಲಿಯ ದಾರಿಯ ಹಳ್ಳಿಯವನು ತಿಂಗಳಿಗೊಮ್ಮೆ ಒಂದು ದಿನದ ದುಡಿಮೆ ಕಳೆದುಕೊಂಡು ಬರಬೇಕಾಗುತ್ತದೆ, ಮೂರನೆಯ ತಿಂಗಳು ಬರುವುದನ್ನೇ ಬಿಡುತ್ತಾನೆ. ೨೦೧೮ರಲ್ಲಿ ತಿಕೋಟಾ, ಬಬಲೇಶ್ವರಗಳು ತಾಲ್ಲೂಕುಗಳಾದವು. ಪೆಟ್ರೋಲ್ ಬಂಕುಗಳ ಪಕ್ಕದಲ್ಲಿ ವಾಹನದ ಹೊಗೆ ಪರೀಕ್ಷಿಸುವ ಗೂಡುಗಳಿರುತ್ತವಲ್ಲ, ಅಂಥದೇ ಒಂದೊಂದು ಗೂಡು ಈ ಎರಡೂ ಊರುಗಳಲ್ಲಿ ಇದ್ದರೆ ಸಾಕು; ಐ.ಟಿ.ಐ. ಕಲಿತ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ಯಂತ್ರವನ್ನು ನೋಡಿ ಕಳಿಸಬಲ್ಲ.